ಮರುಬಣ್ಣದ ಗಿಟಾರು

ಹುಡುಗಿ: ಮಾಮ, ಇದೇ ನೋಡಿ ನಾನು ಹೇಳಿದ ಗಿಟಾರು. ಮಲ್ಲೇಶ್ವರದ ಹದಿನೈದನೇ ಕ್ರಾಸಿನ ಹತ್ತಿರ ಒಬ್ಬರ ಮನೆಯಲ್ಲಿತ್ತು. ಜಪಾನಿನದು, ಸ್ಟ್ರಾಟೊಕ್ಯಾಸ್ಟರ್ ಮಾದರಿ. 22,000 ಹೇಳಿದ್ದಾರೆ. ಅಡ್ವಾನ್ಸ್ ಕೊಟ್ಟು ಒಂದು ವಾರ ಇಟ್ಕೊಂಡು ನೋಡಿ, ಬೇಕಾದರೆ ಬಿಚ್ಚಿಯೂ ನೋಡಿ ಅಂದರು. ಮೂಲ ಬಣ್ಣ ಹೋಗಿದೆ, ಯಾರೋ ಪೂರ್ತಿ ಕೆಂಪು ಹೊಡೆಸಿದ್ದಾರೆ. ನನ್ನ ಸ್ನೇಹಿತರೆಲ್ಲ ‘ಬಣ್ಣ ಬದಲಾಗಿರೋದನ್ನ ಮುಟ್ಟಲೇಬೇಡ’ ಅಂತಿದ್ದಾರೆ.

ಮಾಮ: ಸಂಗ್ರಹ ಮಾಡೋವ್ರಿಗೆ ಆ ಮಾತು ಸರಿಯಾಗೇ ಇದೆ. ಐವತ್ತು, ಅರವತ್ತರ ದಶಕದ ಫೆಂಡರ್, ಗಿಬ್ಸನ್‌ಗಳಲ್ಲಿ ಮೂಲ ಬಣ್ಣ ಹೋಗಿದ್ದರೆ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತೆ. ನೀನು ತಗೊಳ್ತಿರೋದು ನುಡಿಸೋಕೆ. ಅವರಿಗೆ ಆದ ನಷ್ಟ ನಿನಗೆ ಅಗ್ಗವಾಗಿ ಸಿಗುತ್ತೆ. ಬಣ್ಣ ಯಾಕೆ ಹೊಡೆಸಿದರು ಅಂತ ಕೇಳಿದೆಯಾ?

ಹುಡುಗಿ: ಕೇಳಿದೆ. ಅವರ ಅಣ್ಣ ಎಂಬತ್ತರ ದಶಕದಲ್ಲಿ ಸಿಂಗಪುರದಿಂದ ತಂದಿದ್ದಂತೆ. ಆರ್ಕೆಸ್ಟ್ರಾದಲ್ಲಿ ನುಡಿಸ್ತಿದ್ದರು. ಬಣ್ಣ ಎದ್ದುಹೋಯಿತು ಅಂತ ಚಾಮರಾಜಪೇಟೆಯ ಒಂದು ಗ್ಯಾರೇಜಿನಲ್ಲಿ ಕಾರಿಗೆ ಹೊಡೆಯೋ ಬಣ್ಣ ಹೊಡೆಸಿದರಂತೆ. ಅದನ್ನ ಕೇಳೇ ನನಗೆ ಮನಸ್ಸು ಅರ್ಧ ಮುರಿದುಹೋಯಿತು.

ಮಾಮ: ಅದಕ್ಕೆ ಮನಸ್ಸು ಮುರಿಯಬಾರದು. ಆ ಕಾಲ ನಾನು ಕಂಡಿದ್ದೇನೆ. ಆಗಸ್ಟ್–ಸೆಪ್ಟೆಂಬರಿನಲ್ಲಿ ಗಣೇಶನ ಪೆಂಡಾಲುಗಳು ಶುರುವಾದರೆ ನವೆಂಬರಿನ ರಾಜ್ಯೋತ್ಸವಗಳು ಮುಗಿಯೋವರೆಗೂ ಆರ್ಕೆಸ್ಟ್ರಾದವರಿಗೆ ಬಿಡುವೇ ಇರ್ತಿರಲಿಲ್ಲ. ಸಿನಿಮಾ ಹಾಡಿನ ಗಿಟಾರ್ ಭಾಗ ಒಂದು ಕಡೆ ತಪ್ಪಿದರೂ ಮುಂದಿನ ಸಾಲಿನವರು ತಿರುಗಿ ನೋಡೋವ್ರು. ಯಾಕಂದರೆ ಆ ಹಾಡುಗಳಲ್ಲಿ ಗಿಟಾರ್ ಬರೀ ತುಂಬಿಕೆಯಾಗಿರಲಿಲ್ಲ. ಇಳಯರಾಜಾ ಗಿಟಾರ್ ನುಡಿಸುತ್ತಾ ಜಿ.ಕೆ. ವೆಂಕಟೇಶ್ ಅವರ ಹತ್ತಿರ ಸಹಾಯಕರಾಗಿದ್ದವರು. ಕನ್ನಡ ಹಾಡುಗಳ ಕೆಲಸದಲ್ಲೇ ಕೈ ಪಳಗಿಸಿಕೊಂಡರು. ಆಮೇಲೆ 1981ರ ‘ಗೀತಾ’ ಚಿತ್ರಕ್ಕೆ ತಾವೇ ಸಂಗೀತ ಕೊಟ್ಟರು. ಅಂಥ ಹಾಡು ನುಡಿಸೋಕೆ ಒಳ್ಳೇ ಗಿಟಾರ್ ಬೇಕು, ಸಿಗೋದು ಎಲ್ಲಿ? 1991ಕ್ಕೆ ಮೊದಲು ಹೊರದೇಶದ ವಾದ್ಯ ತರಿಸೋದು ನಮ್ಮಂಥವರ ಕೈಗೆ ಎಟುಕೋ ಮಾತಲ್ಲ. ಯಾರಾದರೂ ಗಲ್ಫಿನಿಂದಲೋ ಸಿಂಗಪುರದಿಂದಲೋ ಬರುವಾಗ ತಂದರೆ ಉಂಟು. ಒಂದು ಗಿಟಾರ್ ಎಷ್ಟೋ ಕೈ ದಾಟುತ್ತಿತ್ತು. ಮಟಡೋರ್ ವ್ಯಾನಿನ ಹಿಂಬದಿಯಲ್ಲಿ ಡ್ರಮ್ಮಿನ ಜೊತೆ ಉಜ್ಜಿಕೊಂಡು ಹೋಗಬೇಕು, ಬೆವರು ಕುಡೀಬೇಕು. ಬಣ್ಣ ಏಳದೆ ಇರುತ್ತಾ? ಜೆ.ಸಿ. ರಸ್ತೆ, ಕಲಾಸಿಪಾಳ್ಯ, ಚಾಮರಾಜಪೇಟೆ ಸುತ್ತಮುತ್ತ ಟಿಂಕರಿಂಗ್–ಪೇಂಟಿಂಗ್ ಮಾಡೋ ಕೈಗಳು ಬೇಕಾದಷ್ಟಿದ್ದವು. ಅವರ ಹತ್ತಿರ ಹೋಗೋದೇ ದಾರಿ.

ಹುಡುಗಿ: ಆದರೂ ಕಾರಿನ ಬಣ್ಣ ವಾದ್ಯಕ್ಕೆ?

ಮಾಮ: ಫೆಂಡರ್ ಕಂಪನಿ ಹೊಡೀತಿದ್ದದ್ದೂ ಕಾರಿನ ಬಣ್ಣವೇ ಕಣೇ. ಡ್ಯೂಪಾಂಟ್ ಕಂಪನಿ 1920ರ ದಶಕದಲ್ಲಿ ಕಾರುಗಳಿಗಾಗಿ ತಂದ ನೈಟ್ರೋಸೆಲ್ಯುಲೋಸ್ ಬಣ್ಣದ ಹೆಸರು ಡ್ಯೂಕೋ. ನಮ್ಮ ಬಡಗಿಗಳು ಇವತ್ತಿಗೂ ಬೀರುವಿಗೆ ‘ಡ್ಯೂಕೋ ಮಾಡಿಸ್ತೀರಾ’ ಅಂತ ಕೇಳ್ತಾರಲ್ಲ, ಅದೇ. ಫೆಂಡರ್‌ನವರು 1954ರಲ್ಲಿ ಸ್ಟ್ರಾಟೊಕ್ಯಾಸ್ಟರ್ ಹೊರತಂದ ಮೇಲೆ ಬೇರೆ ಬೇರೆ ಬಣ್ಣ ಬೇಕು ಅಂದವರಿಗೆ ಡ್ಯೂಪಾಂಟ್‌ನ ಕಾರಿನ ಬಣ್ಣಗಳನ್ನೇ ಹೊಡೆದು ಕೊಡ್ತಿದ್ದರು. ಫಿಯೆಸ್ಟಾ ರೆಡ್ ಅಂತ ಜನ ಪ್ರಾಣ ಬಿಡ್ತಾರಲ್ಲ, ಅದು 1956ರ ಫೋರ್ಡ್ ಥಂಡರ್‌ಬರ್ಡ್ ಕಾರಿನ ಬಣ್ಣ. ಇನ್ನೊಂದು ಕೇಳು. ಅರವತ್ತರ ದಶಕದ ಮೊದಲಲ್ಲಿ ಲಂಡನ್ನಿನಲ್ಲಿ ಶ್ಯಾಡೋಸ್ ತಂಡದ ಹ್ಯಾಂಕ್ ಮಾರ್ವಿನ್ ಕೈಯಲ್ಲಿದ್ದ ಕೆಂಪು ಸ್ಟ್ರಾಟ್ ನೋಡಿ ಎಲ್ಲರಿಗೂ ಕೆಂಪೇ ಬೇಕಾಯಿತು. ಅಮೆರಿಕದಿಂದ ಬೇರೆ ಬಣ್ಣದಲ್ಲಿ ಬಂದ ಗಿಟಾರುಗಳಿಗೆ ಸೆಲ್ಮರ್ ಅನ್ನೋ ವ್ಯಾಪಾರಿಗಳು ಅಲ್ಲೇ ಕೆಂಪು ಹೊಡೆಸಿ ಮಾರಿದರು. ಇವತ್ತು ಅವನ್ನೂ ಜನ ಹುಡುಕಿಕೊಂಡು ಹೋಗ್ತಾರೆ.

ಹುಡುಗಿ: ಸರಿ. ಬಣ್ಣ ದಪ್ಪವಾದರೆ ನಾದ ಉಸಿರು ಕಟ್ಟುತ್ತೆ ಅಂತಾರಲ್ಲ?

ಮಾಮ: ವೀಣೆಗೋ ಅಕೂಸ್ಟಿಕ್ ಗಿಟಾರಿಗೋ ಹೇಳಿದರೆ ಒಪ್ತೀನಿ. ಅಲ್ಲಿ ತೆಳು ಹಲಗೆ ಕಂಪಿಸಿಯೇ ನಾದ ಬರೋದು. ಹಲಗೆ ಮೇಲೆ ದಪ್ಪ ಬಣ್ಣ ಕೂತರೆ ಕಂಪನ ಕುಗ್ಗುತ್ತೆ. ಇದು ನಾಲ್ಕೂವರೆ ಸೆಂಟಿಮೀಟರ್ ದಪ್ಪದ ಗಟ್ಟಿ ಮರ. ಇಲ್ಲಿ ಆಂಪ್ಲಿಫಯರಿಗೆ ಹೋಗೋ ಸದ್ದು ಹುಟ್ಟೋದು ಪಿಕಪ್ಪಿನಲ್ಲಿ: ಆರು ಆಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ಸಣ್ಣ ತಾಮ್ರದ ತಂತಿ. ಮೇಲಿನ ಉಕ್ಕಿನ ತಂತಿ ಅಲುಗಾಡಿದಾಗ ಕಾಂತಕ್ಷೇತ್ರ ಅಲುಗಾಡಿ ಅದರಲ್ಲಿ ವಿದ್ಯುತ್ ಹುಟ್ಟುತ್ತೆ. ಮೈಗೆ ಕೆಂಪು ಹೊಡೆದಿದೆಯೋ ಕಪ್ಪು ಹೊಡೆದಿದೆಯೋ ಅದಕ್ಕೆ ಗೊತ್ತಾಗಲ್ಲ. ಬಣ್ಣದ ಬಗ್ಗೆ ನನಗಿರೋ ಭಯ ಬೇರೆ. ಬಣ್ಣ ಹೋಗಬಾರದ ಜಾಗಕ್ಕೆ ಹೋಗಿದೆಯಾ ಅಂತ ನೋಡಬೇಕು. ಕಾರಿನ ಪೇಂಟರ್ ಬಾಗಿಲಿನ ಗಾಜಿಗೆ ಪೇಪರ್ ಅಂಟಿಸ್ತಾನೆ, ಗಿಟಾರಿನಲ್ಲಿ ಯಾವುದಕ್ಕೆ ಅಂಟಿಸಬೇಕು ಅಂತ ಅವನಿಗೆ ಯಾರೂ ಹೇಳಿರಲ್ಲ. ನುಡಿಸುವಾಗ ನಿನಗೆ ಏನು ತೊಂದರೆ ಅನ್ನಿಸಿತು ಹೇಳು.

ಹುಡುಗಿ: ಹನ್ನೆರಡನೇ ಫ್ರೆಟ್ಟಿನಿಂದ ಆಚೆ ತಂತಿ ತುಂಬಾ ಎತ್ತರ. ಒತ್ತೋಕೆ ಬೆರಳು ನೋಯುತ್ತೆ. ಬ್ರಿಡ್ಜಿನ ಸಣ್ಣ ಸ್ಕ್ರೂಗಳು ಮೇಲೆದ್ದು ಅಂಗೈಗೆ ಚುಚ್ಚುತ್ತವೆ. ಮಾರೋವ್ರೇ ಹೇಳಿದರು, ಕುತ್ತಿಗೆ ಬಾಗಿದೆ, ಅದಕ್ಕೇ ಇಷ್ಟು ಕಡಿಮೆ ಬೆಲೆ ಅಂತ.

ಮಾಮ: ಎರಡೂ ಒಟ್ಟಿಗೆ ಇದೆಯಾ? ಹಾಗಾದರೆ ಕುತ್ತಿಗೆ ಮೇಲೆ ಅಪವಾದ ಹೊರಿಸೋ ಮುಂಚೆ ನೋಡೋಣ. ಮೊದಲನೇ ಫ್ರೆಟ್ಟನ್ನೂ ಕೊನೇ ಫ್ರೆಟ್ಟನ್ನೂ ಒಟ್ಟಿಗೆ ಒತ್ತು. ತಂತಿಯೇ ಈಗ ನಮಗೆ ಅಳತೆಗೋಲು. ಏಳು–ಎಂಟನೇ ಫ್ರೆಟ್ಟಿನ ಮೇಲೆ ತಂತಿಗೂ ಲೋಹಕ್ಕೂ ನಡುವೆ ಎಷ್ಟು ಸಂದು ಇದೆ?

ಹುಡುಗಿ: ವಿಸಿಟಿಂಗ್ ಕಾರ್ಡ್ ತೂರಿಸಿದರೆ ಸ್ವಲ್ಪ ತಾಗುತ್ತೆ.

ಮಾಮ: ಅಂದರೆ ಕಾಲು ಮಿಲಿಮೀಟರ್ ಆಸುಪಾಸು. ಅದು ಇರಬೇಕಾದಷ್ಟೇ ಇದೆ. ಕುತ್ತಿಗೆ ನೆಟ್ಟಗಿದೆ. ಈಗ ತಂತಿ ಸಡಿಲ ಮಾಡಿ ಹಿಂದಿನ ನಾಲ್ಕು ಸ್ಕ್ರೂ ಬಿಚ್ಚು. ನಿಧಾನ, ಬಣ್ಣ ಸ್ಕ್ರೂ ತಲೆಗೆ ಕಚ್ಚಿಕೊಂಡಿದೆ. ಮೊದಲು ಸುತ್ತಲೂ ಬ್ಲೇಡಿನ ತುದಿಯಲ್ಲಿ ಬಣ್ಣ ಕತ್ತರಿಸಿಬಿಡು, ಇಲ್ಲದಿದ್ದರೆ ಚಕ್ಕೆ ಏಳುತ್ತೆ. ಹಾಂ, ಈಗ ಕುತ್ತಿಗೆ ಎತ್ತು. ಅದು ಕೂರೋ ಗುಳಿಯ ತಳ ನೋಡು.

ಹುಡುಗಿ: ಒಳಗೆಲ್ಲ ಕೆಂಪು ಬಣ್ಣ ತುಂಬಿದೆ ಮಾಮ. ಬಾಯಿಯ ಅಂಚಿನಲ್ಲಿ ಬಣ್ಣ ಇಳಿದುಬಂದು ಒಂದು ಸಣ್ಣ ಬದು ಕಟ್ಟಿದೆ. ಉಗುರಿಗೆ ಸಿಗುತ್ತೆ.

ಮಾಮ: ಅದೇ ರೋಗ. ಕುತ್ತಿಗೆಯ ಬುಡ ಒಳಗಡೆ ಕೆಳಗಿದೆ, ಬಾಯಿಯ ಹತ್ತಿರ ಆ ಬದುವಿನ ಮೇಲೆ ಕೂತಿದೆ. ಹಾಗಾಗಿ ಇಡೀ ಕುತ್ತಿಗೆ ಮುಂದಕ್ಕೆ ವಾಲಿದೆ. ಅರ್ಧ ಮಿಲಿಮೀಟರ್ ಬಣ್ಣ ಸಾಕು, ಅದರ ಲೆಕ್ಕ ತಂತಿಯಲ್ಲಿ ದೊಡ್ಡದಾಗಿ ಕಾಣುತ್ತೆ. ತಂತಿ ಎತ್ತರವಾಯಿತು ಅಂತ ಬ್ರಿಡ್ಜಿನ ತುಣುಕುಗಳನ್ನ ಇಳಿಸಿದ್ದಾರೆ. ಪೂರ್ತಿ ಇಳಿಸಿದರೂ ಸಾಲದು. ತುಣುಕು ಕೆಳಗೆ ಹೋದಷ್ಟೂ ಅದರ ಸ್ಕ್ರೂ ಮೇಲೆ ಏಳುತ್ತೆ, ನಿನ್ನ ಅಂಗೈಗೆ ಚುಚ್ಚುತ್ತೆ. ತಳದ ಬಣ್ಣವನ್ನ ಉಳಿಯಿಂದ ಮೆಲ್ಲಗೆ ಕೆರೆದು ಮರ ಕಾಣಿಸಿದರೆ ಮುಗೀತು. ಮರವನ್ನ ಮುಟ್ಟಬಾರದು, ಪಕ್ಕದ ಗೋಡೆಗಳನ್ನೂ ಮುಟ್ಟಬಾರದು. ಗೋಡೆ ಬಿಗಿಯಾಗಿದ್ದಷ್ಟೂ ಒಳ್ಳೇದು. ಕೆರೆಯೋದು ಗಿಟಾರ್ ನಿನ್ನದಾದ ಮೇಲೆ. ಎಲ್ಲಿ, ಆ ಎದ್ದಿರೋ ಚಕ್ಕೆಯ ಅಂಚನ್ನ ಬೆಳಕಿಗೆ ಹಿಡಿ. ಪದರ ಕಾಣುತ್ತಾ?

ಹುಡುಗಿ: ಮೇಲೆ ಕೆಂಪು. ಅದರ ಕೆಳಗೆ ಬೂದು ಪ್ರೈಮರ್. ಅದಕ್ಕೂ ಕೆಳಗೆ ಹಳದಿ, ಗಾಜಿನ ಥರ ಹೊಳೆಯುತ್ತೆ.

ಮಾಮ: ಹಳದಿ ಮೂಲದ ಸನ್‌ಬರ್ಸ್ಟ್ ಇರಬೇಕು. ಪೇಂಟರ್ ಹಳೇದನ್ನ ಕೆರೆದು ತೆಗೀಲಿಲ್ಲ, ಉಜ್ಜಿ ಅದರ ಮೇಲೇ ಹೊಡೆದಿದ್ದಾನೆ. ಮರದ ಅಂಚುಗಳು ಸವೆದಿಲ್ಲ, ಆಕಾರ ಕೆಟ್ಟಿಲ್ಲ. ಒಳ್ಳೇ ಸುದ್ದಿ. ಎಷ್ಟೋ ಗಿಟಾರುಗಳನ್ನ ಹೊಸ ಬಣ್ಣಕ್ಕಾಗಿ ಯಂತ್ರದಲ್ಲಿ ಉಜ್ಜಿ ಉಜ್ಜಿ ಮೈಯ ತಿರುವುಗಳನ್ನೇ ಕರಗಿಸಿಬಿಟ್ಟಿರ್ತಾರೆ. ಅಂಥದ್ದನ್ನ ನಾನು ತಗೋ ಅನ್ನಲ್ಲ.

ಹುಡುಗಿ: ಫ್ರೆಟ್‌ಗಳ ವಿಷಯ ಹೇಳಿ. ನನಗೆ ಮುಖ್ಯ ಅದೇ. ನಾನು ಇದರಲ್ಲಿ ನುಡಿಸಬೇಕು ಅಂತಿರೋದು ರಾಕ್ ಮಾತ್ರ ಅಲ್ಲ. ತೋಡಿಯ ಗಾಂಧಾರ ಇದರಲ್ಲಿ ತೂಗಬೇಕು. ತಂತಿಯನ್ನ ಪಕ್ಕಕ್ಕೆ ಎಳೆದರೆ ಬೆರಳು ಹಲಗೆಗೆ ಒರೆಸಿಕೊಂಡು ನಿಂತುಬಿಡುತ್ತೆ. ಅದಕ್ಕೆ ಫ್ರೆಟ್ ಮಧ್ಯದ ಮರವನ್ನ ದೋಣಿಯ ಥರ ಕೆತ್ತಿಸಿಬಿಡೋಣ ಅಂತಿದ್ದೀನಿ. ಶಕ್ತಿ ತಂಡದಲ್ಲಿ ಜಾನ್ ಮೆಕ್‌ಲಾಫ್ಲಿನ್ ಗಿಟಾರಿಗೆ ಹಾಗೇ ಮಾಡಿಸಿದ್ದರಲ್ಲ.

ಮಾಮ: ಮಾಡಿಸಿದ್ದರು. ಎಪ್ಪತ್ತರ ದಶಕದಲ್ಲಿ, ಎಲ್. ಶಂಕರ್ ಪಿಟೀಲಿನ ಪಕ್ಕ ಕೂತು ನುಡಿಸೋಕೆ. ಆ ಗಿಟಾರಿಗೆ ಅಡ್ಡಲಾಗಿ ಅನುರಣನದ ತಂತಿಗಳೂ ಇದ್ದವು. ನಿನ್ನ ಆಸೆ ನನಗೆ ಅರ್ಥವಾಗುತ್ತೆ. ವೀಣೆಯಲ್ಲಿ ಮೆಟ್ಟಿಲುಗಳ ಮೇಳ ಎತ್ತರ, ಬೆರಳ ಕೆಳಗೆ ಬಯಲು. ಅಲ್ಲಿ ಎಳೆದಷ್ಟೂ ತಂತಿ ಬರುತ್ತೆ. ಆದರೆ ವೀಣೆಯ ಮೇಳ ಕೂತಿರೋದು ಮೇಣದ ಮೇಲೆ. ಸರಿಹೋಗದಿದ್ದರೆ ಮೇಣ ಕರಗಿಸಿ ಮತ್ತೆ ಮೇಳ ಕಟ್ಟಬಹುದು. ಗಿಟಾರಿನ ಫ್ರೆಟ್ ಮರದ ಸೀಳಿನಲ್ಲಿ ಬಡಿದು ಕೂರಿಸಿರೋದು. ಅದರ ನಡುವಿನ ಮರ ಕೆತ್ತಿದರೆ ಮತ್ತೆ ತುಂಬೋಕಾಗಲ್ಲ. ಅದೂ ಇದು ಯಾವ ಮರ ನೋಡು. ಈ ಕಂದು, ಈ ನೇರಳೆ ಗೆರೆ. ಬೀಟೆ.

ಹುಡುಗಿ: ನಮ್ಮ ಬೀಟೆನಾ?

ಮಾಮ: ಬ್ರೆಜಿಲ್ಲಿನ ರೋಸ್‌ವುಡ್ ಸಿಗೋದು ಕಷ್ಟವಾದಾಗ ಪ್ರಪಂಚದ ಗಿಟಾರ್ ಕಂಪನಿಗಳು ತಿರುಗಿದ್ದು ಭಾರತದ ಬೀಟೆಯ ಕಡೆಗೆ. ಮಾರ್ಟಿನ್ ಕಂಪನಿ 1969ರಲ್ಲೇ ಬದಲಾಯಿಸಿತು. ಪಶ್ಚಿಮ ಘಟ್ಟದ ಮರ, ನಮ್ಮ ಮಲೆನಾಡು, ಕೊಡಗು, ಅತ್ತ ವಯನಾಡು. 2017ರಲ್ಲಿ ಆ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಸೈಟಿಸ್ ಒಪ್ಪಂದದ ಕಟ್ಟುಪಾಡು ಬಂತು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಕೊಟ್ಟರು. ದೊಡ್ಡ ಬೀಟೆ ಬೆಳೆಯೋಕೆ ಒಂದು ಆಯಸ್ಸು ಬೇಕು. ಅಂಥ ಮರದ ಪಟ್ಟಿ ಕೆತ್ತಿ ಪುಡಿ ಮಾಡೋ ಮುಂಚೆ ಇನ್ನೊಂದು ದಾರಿ ನೋಡೋಣ ಅಂತೀನಿ. ಈಗಿರೋ ಫ್ರೆಟ್‌ಗಳು ಸವೆದು ಚಪ್ಪಟೆಯಾಗಿವೆ, ಎರಡು–ಮೂರನೇ ಮನೆಗಳಲ್ಲಿ ಗುಂಡಿ ಬಿದ್ದಿದೆ. ಹೇಗೂ ಬದಲಾಯಿಸಲೇಬೇಕು. ಎತ್ತರದ ಫ್ರೆಟ್ ತಂತಿ ಹಾಕಿಸು, ಒಂದೂಕಾಲು ಮಿಲಿಮೀಟರ್ ಮೇಲ್ಪಟ್ಟದ್ದು. ಬೆರಳು ಮರಕ್ಕೆ ಒರೆಸೋದು ಬಹಳ ಮಟ್ಟಿಗೆ ನಿಲ್ಲುತ್ತೆ. ತಂತಿ ತೆಳ್ಳಗಿನದು ಹಾಕು, 9ರ ಸೆಟ್. ಆಮೇಲೆ ಗಾಂಧಾರ ತೂಗಿ ನೋಡು. ಈ ಕೆಲಸವನ್ನ ಮಾತ್ರ ಕೈ ಪಳಗಿದವರ ಹತ್ತಿರವೇ ಮಾಡಿಸು. ಹಳೇ ಫ್ರೆಟ್ಟನ್ನ ಬಿಸಿ ಮಾಡಿ ಎತ್ತದಿದ್ದರೆ ಬೀಟೆ ಚಕ್ಕೆ ಏಳುತ್ತೆ.

ಹುಡುಗಿ: ನೀವು ಎಲ್ಲದಕ್ಕೂ ‘ತಡಿ’ ಅಂತೀರಿ. ಪಿಟೀಲು ಚೌಡಯ್ಯನವರು ತಡೆದಿದ್ದರೆ ಏಳು ತಂತಿಯ ಪಿಟೀಲು ಎಲ್ಲಿರ್ತಿತ್ತು? ವೈಯಾಲಿಕಾವಲಿನ ಹತ್ತಿರ ಪಿಟೀಲಿನ ಆಕಾರದಲ್ಲೇ ಅವರ ಹೆಸರಿನ ಸಭಾಂಗಣ ಕಟ್ಟಿದ್ದಾರಲ್ಲ.

ಮಾಮ: ಒಳ್ಳೇ ಉದಾಹರಣೆ ತಂದೆ, ನಾನೂ ಅದನ್ನೇ ಇಟ್ಕೊಂಡು ಮಾತಾಡ್ತೀನಿ. ಚೌಡಯ್ಯನವರು ಬಿಡಾರಂ ಕೃಷ್ಣಪ್ಪನವರ ಹತ್ತಿರ ವರ್ಷಗಟ್ಟಲೆ ಕಲಿತರು, ದೊಡ್ಡ ವಿದ್ವಾಂಸರಿಗೆ ಪಕ್ಕವಾದ್ಯ ನುಡಿಸಿದರು. ಆಗ ಮೈಕ್ ಇರಲಿಲ್ಲ. ಹಿಂದೆ ಕೂತವರಿಗೆ ಪಿಟೀಲು ಕೇಳಿಸಲ್ಲ ಅನ್ನೋದು ಅವರಿಗೆ ಸಭೆಯಿಂದ ಸಭೆಗೆ ಅನುಭವಕ್ಕೆ ಬಂದ ಕೊರತೆ. ಆ ಕೊರತೆಗೆ ಉತ್ತರವಾಗಿ ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ಸೇರಿಸಿದರು. ನಿನಗೆ ಈ ಗಿಟಾರಿನ ಕೊರತೆ ಇನ್ನೂ ಗೊತ್ತಿಲ್ಲ. ಇವತ್ತು ನಿನಗೆ ಕಾಣ್ತಿರೋದು ಪೇಂಟರ್ ಮಾಡಿದ ಕೊರತೆ. ಅದನ್ನ ಕಳೆದು, ಗಿಟಾರ್ ತಾನಾಗಿ ಹೇಗಿದೆ ಅಂತ ಒಂದು ಮಳೆಗಾಲ, ಒಂದು ಬೇಸಿಗೆ ನುಡಿಸು. ನಮ್ಮೂರಿನ ಮಾರ್ಚ್‌ ತಿಂಗಳ ಒಣ ಗಾಳಿಗೆ ಮರ ಕುಗ್ಗುತ್ತೆ, ಫ್ರೆಟ್ಟಿನ ತುದಿ ಪಕ್ಕಕ್ಕೆ ಬಂದು ಕೈಗೆ ತಾಗುತ್ತೆ. ಜುಲೈನಲ್ಲಿ ಬೇರೆ ಥರ ಇರುತ್ತೆ. ಅದೆಲ್ಲ ನೋಡಿದ ಮೇಲೂ ಕೆತ್ತಿಸಬೇಕು ಅನ್ನಿಸಿದರೆ ಕೆತ್ತಿಸು, ಬೇಡ ಅನ್ನಲ್ಲ.

ಹುಡುಗಿ: ಮೈಯನ್ನಾದರೂ ಕತ್ತರಿಸಬಹುದಾ? ಬ್ರಿಡ್ಜ್ ಹತ್ತಿರ ಹಂಬಕರ್ ಪಿಕಪ್ ಹಾಕಬೇಕು. ಮೂಲ ಬಣ್ಣವೇ ಇಲ್ಲ ಅಂದಮೇಲೆ ಬೆಲೆ ಕೆಡೋ ಪ್ರಶ್ನೆ ಎಲ್ಲಿ?

ಮಾಮ: ಆ ವಾದ ನನಗೆ ಒಪ್ಪಿಗೆ. ಮರುಬಣ್ಣದ ಗಿಟಾರ್ ಕೊಡೋ ಸ್ವಾತಂತ್ರ್ಯವೇ ಅದು. ಎರಿಕ್ ಕ್ಲಾಪ್ಟನ್ 1970ರಲ್ಲಿ ನ್ಯಾಶ್‌ವಿಲ್‌ನಲ್ಲಿ ಕೊಂಡ ಹಳೇ ಸ್ಟ್ರಾಟುಗಳಲ್ಲಿ ಮೂರನ್ನ ಬಿಚ್ಚಿ, ಒಳ್ಳೊಳ್ಳೇ ಭಾಗ ಸೇರಿಸಿ ಒಂದು ಮಾಡ್ಕೊಂಡರು. ‘ಬ್ಲ್ಯಾಕಿ’ ಅಂತ ಅದರ ಹೆಸರು. 2004ರಲ್ಲಿ ಅದು 9,59,500 ಡಾಲರಿಗೆ ಹರಾಜಾಯಿತು. ಮೂಲಸ್ಥಿತಿಯಲ್ಲಿ ಉಳಿಸಬೇಕು ಅಂತ ಕೂತಿದ್ದರೆ ಆ ಗಿಟಾರೇ ಇರ್ತಿರಲಿಲ್ಲ. ಆದರೂ ಹಂಬಕರಿಗೆ ಮರ ಕೊರೆಯೋ ಅಗತ್ಯವಿಲ್ಲ. ಸಿಂಗಲ್ ಕಾಯಿಲ್ ಅಳತೆಯಲ್ಲೇ ಎರಡು ಸುರುಳಿಯ ಪಿಕಪ್‌ಗಳು ಸಿಗುತ್ತವೆ. ನಿನಗೆ ಅದು ಯಾಕೆ ಬೇಕು?

ಹುಡುಗಿ: ಗೊರ್ ಅನ್ನೋ ಸದ್ದು ಮಾಮ. ಆಂಪ್ ಹಾಕಿದ ಕೂಡಲೇ ಶುರು. ತಂತಿ ಮುಟ್ಟಿದರೂ ನಿಲ್ಲಲ್ಲ.

ಮಾಮ: ತಂತಿ ಮುಟ್ಟಿದರೂ ನಿಲ್ಲದಿದ್ದರೆ ಬ್ರಿಡ್ಜಿನ ಗ್ರೌಂಡ್ ತಂತಿ ಎಲ್ಲೋ ಬಿಟ್ಟಿದೆ. ಮುಂದಿನ ಪ್ಲಾಸ್ಟಿಕ್ ತಟ್ಟೆ ಬಿಚ್ಚೋಣ. ನೋಡಿದೆಯಾ, ಇಲ್ಲೂ ಕೆಂಪು. ಗುಳಿಯ ಒಳಗೆ ಕಾರ್ಖಾನೆಯವರು ಕಪ್ಪನೆಯ, ವಿದ್ಯುತ್ ಹರಿಯೋ ಬಣ್ಣ ಬಳಿದಿದ್ದರು, ಹೊರಗಿನ ಗದ್ದಲ ಪಿಕಪ್ಪಿಗೆ ತಾಗದ ಹಾಗೆ. ಅದರ ಮೇಲೆ ಗ್ಯಾರೇಜಿನ ಬಣ್ಣ ಕೂತಿದೆ. ಗ್ರೌಂಡಿನ ಟ್ಯಾಗನ್ನ ಆ ಬಣ್ಣದ ಮೇಲೇ ಸ್ಕ್ರೂ ಮಾಡಿದ್ದಾರೆ. ಬ್ರಿಡ್ಜಿಗೆ ಹೋಗೋ ತಂತಿಯ ಬೆಸುಗೆಯೂ ಬಿಟ್ಟಿದೆ. ಮಲ್ಟಿಮೀಟರ್ ಇಡು. ಪಿಕಪ್‌ಗಳು ಮೂರೂ ಆರು ಕಿಲೋ ಓಮ್ ಆಸುಪಾಸು ತೋರಿಸ್ತಿವೆ. ಆರೋಗ್ಯವಾಗಿವೆ. ಸದ್ದು ಕೀರಲಾಗಿಯೂ ಕೇಳುತ್ತಿರಬೇಕು, ಈ ವಾಲ್ಯೂಮ್ ನೋಡು, 500ಕೆ. ಯಾರೋ ರಿಪೇರಿಯವರು ಕೈಗೆ ಸಿಕ್ಕಿದ್ದು ಹಾಕಿದ್ದಾರೆ. ಸಿಂಗಲ್ ಕಾಯಿಲ್‌ಗೆ 250ಕೆ ಇರಬೇಕು. ಎಸ್.ಪಿ. ರಸ್ತೆಗೆ ಹೋಗಿ 250ಕೆ ಲಾಗ್ ಪೊಟೆನ್ಷಿಯೋಮೀಟರ್ ಕೇಳು, ಜೊತೆಗೆ 473 ಅಥವಾ 223 ಅಂತ ಬರೆದಿರೋ ಕೆಪಾಸಿಟರ್ ಒಂದೊಂದು. 473 ಹಾಕಿದರೆ ಟೋನ್ ತಿರುಗಿಸಿದಾಗ ಸದ್ದು ಹೆಚ್ಚು ಮಂದ, 223 ಹಾಕಿದರೆ ಕಡಿಮೆ. ತಾಮ್ರದ ಅಂಟುಪಟ್ಟಿ ಒಂದು ಸುರುಳಿ. ಅಂಟಿನ ಬದಿಯಲ್ಲೂ ವಿದ್ಯುತ್ ಹರಿಯೋದನ್ನೇ ಕೇಳಿ ತಗೋ. ಇದಿಷ್ಟು ಮಾಡಿದ ಮೇಲೆ ಉಳಿಯೋ ಸಣ್ಣ ಗುಂಯ್ ಸಿಂಗಲ್ ಕಾಯಿಲ್‌ನ ಸ್ವಭಾವ, 50 ಹರ್ಟ್ಸ್ ಕರೆಂಟಿನದು.

ಹುಡುಗಿ: ಅದು ನನಗೆ ಪರವಾಗಿಲ್ಲ.

ಮಾಮ: ಇನ್ನೊಂದು, ಇದನ್ನ ಮರೀಬೇಡ. ಬ್ರಿಡ್ಜಿನ ತಂತಿ ಬೆಸೆದ ಮೇಲೆ ಗಿಟಾರಿನ ಆರು ತಂತಿಗೂ ಆಂಪ್‌ನ ಚಾಸಿಗೂ ನೇರ ಸಂಪರ್ಕ. ಆಂಪ್‌ನಲ್ಲಿ ಕರೆಂಟ್ ಸೋರಿದರೆ ಅದು ನಿನ್ನ ಬೆರಳಿಗೆ ಬರುತ್ತೆ. ಬಸವನಗುಡಿಯ ನಮ್ಮ ಹಳೇ ಮನೆಗಳಲ್ಲಿ ಮೂರು ಪಿನ್ನಿನ ಸಾಕೆಟ್ ಇರುತ್ತೆ, ಒಳಗೆ ಅರ್ಥ್ ತಂತಿಯೇ ಇರಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸದೆ ಆಂಪ್ ಹಾಕಕೂಡದು. ಬರಿಗಾಲಲ್ಲಿ ಮೊಸಾಯಿಕ್ ನೆಲದ ಮೇಲೆ ನಿಂತು ನುಡಿಸೋವಳು ನೀನು.

ಹುಡುಗಿ: ನೋಡಿಸ್ತೀನಿ. ಹಾಗಾದರೆ ತಗೊಳ್ಳಲಾ?

ಮಾಮ: ತಗೋ. ಕುತ್ತಿಗೆ ನೆಟ್ಟಗಿದೆ, ಪಿಕಪ್ ಬದುಕಿದೆ, ಮರ ಕೆಟ್ಟಿಲ್ಲ. ದೊಡ್ಡ ಖರ್ಚು ಅಂದರೆ ಫ್ರೆಟ್ ಒಂದೇ. ಬಣ್ಣವನ್ನ ಮಾತ್ರ ಮತ್ತೆ ಬದಲಾಯಿಸೋಕೆ ಹೋಗಬೇಡ. ಹಳದಿ ಹೊರಗೆ ತರ್ತೀನಿ ಅಂತ ಕೆಂಪು ಕೆರೆಯೋಕೆ ಶುರು ಮಾಡಿದರೆ ಮೂಲದ್ದೂ ಜೊತೆಗೇ ಬರುತ್ತೆ.

ಹುಡುಗಿ: ಬೆಲೆ? ಕುತ್ತಿಗೆ ಬಾಗಿದೆ ಅಂತ ನಂಬಿ ಅವರು 22,000ಕ್ಕೆ ಇಳಿಸಿರೋದು. ನಮಗೆ ಹಾಗಲ್ಲ ಅಂತ ಗೊತ್ತಾಯಿತಲ್ಲ.

ಮಾಮ: ಗೊತ್ತಾದ್ದನ್ನ ಅವರಿಗೂ ಹೇಳು. ಗುಳಿಯ ಫೋಟೋ ತೆಗೆದಿದ್ದೀಯಲ್ಲ, ತೋರಿಸು. ಫ್ರೆಟ್ ಬದಲಾಯಿಸೋ ಖರ್ಚನ್ನೂ ಹೇಳು. ಅದಾದ ಮೇಲೂ 22,000ಕ್ಕೆ ಕೊಡ್ತೀವಿ ಅಂದರೆ ಚೌಕಾಸಿ ಮಾಡದೆ ಕೊಟ್ಟು ಬಾ. ಎರಡು ಮೂರು ಸಾವಿರ ಜಾಸ್ತಿ ಕೇಳಿದರೆ ಆಗಲೂ ತಗೋ, ಆ ಬೆಲೆಗೆ ಇದು ಬಾಳುತ್ತೆ. ಬರುವಾಗ ಆ ಅಣ್ಣನವರ ಹತ್ತಿರ ಹಳೇ ವಾಲ್ಯೂಮ್, ಸ್ಕ್ರೂ, ಬ್ರಿಡ್ಜಿನ ಮುಚ್ಚಳ ಏನಾದರೂ ಉಳಿದಿದೆಯಾ ಅಂತ ಕೇಳಿ ಇಸ್ಕೊಂಡು ಬಾ.